ಸರೋವರದ ಸುಳ್ಳು ಸಂಜೆ

"ಇಷ್ಟು ವರ್ಷ ನಿಮಗೆಲ್ಲ ನಾನು ಸುಳ್ಳು ಹೇಳಿದೆ. ಇದು ಸಂಜೆ ಅಲ್ಲ."

ಫೋನಿನೊಳಗಿಂದ ಬಂದದ್ದು ತೀರಿಹೋದ ಮೇಷ್ಟ್ರ ದನಿ. ಇನ್‌ಸ್ಪೆಕ್ಟರ್ ಅದನ್ನು ಅಲ್ಲಿಗೇ ನಿಲ್ಲಿಸಿದಳು, ಹಿಂದಕ್ಕೆ ಸರಿಸಿದಳು, ಮತ್ತೆ ಕೇಳಿದಳು. ಚಿತ್ರಶಾಲೆಯ ಆ ಉದ್ದನೆಯ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಎದುರಿಗೇ ಬೆಂಚಿತ್ತು, ಅವಳು ಕೂರಲಿಲ್ಲ. ಕಿಟಕಿಯಿಂದ ಚಿತ್ರಕ್ಕೆ, ಚಿತ್ರದಿಂದ ಬಾಗಿಲಿಗೆ, ಬಾಗಿಲಿಂದ ಮತ್ತೆ ಚಿತ್ರಕ್ಕೆ ಸುತ್ತುತ್ತಿದ್ದಳು. ಠಾಣೆಯವರು ಬೆನ್ನ ಹಿಂದೆ ಅವಳನ್ನು 'ನಿಲ್ಲದ ಗಾಡಿ' ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರು ಹೋದ ಭಾನುವಾರ ಇದೇ ಕಟ್ಟಡದ ಹಿಂದಿನ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು. ವಯಸ್ಸಾದ ಜೀವ, ಕಾಲು ಜಾರಿರಬೇಕು ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಇವತ್ತೇ ಕಡತ ಮುಚ್ಚಿಬಿಡು ಎಂದು ಮೇಲಧಿಕಾರಿಯ ಅಪ್ಪಣೆಯೂ ಆಗಿತ್ತು. ಆದರೆ ಒಂದು ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ಅವಳನ್ನು ಕಾಡುತ್ತಿತ್ತು. ಆ ಮೆಟ್ಟಿಲು ಹೋಗುವುದು ಮೇಲಿನ ದುರಸ್ತಿ ಕೋಣೆಗೆ ಮಾತ್ರ. ಅಲ್ಲಿ ಮೇಷ್ಟ್ರಿಗೇನು ಕೆಲಸ?

ಅವಳು ಚಿತ್ರದ ಹತ್ತಿರ ಹೋದಳು. ಅಂಥ ದೊಡ್ಡದೇನಲ್ಲ, ಕಂಕುಳಲ್ಲಿ ಅವುಚಿಕೊಂಡು ಓಡಬಹುದಾದಷ್ಟು. ಪೊಲೀಸರ ಕಣ್ಣಿಗೆ ಮೊದಲು ಕಾಣುವುದು ಅದೇ. ರಮ್ಯ ಪಂಥದ ಕಾಲದ ಚಿತ್ರಕಾರನೊಬ್ಬ ನೀರುಬಣ್ಣದಲ್ಲಿ ಬಿಡಿಸಿದ ಸರೋವರ. ಮರ, ಮೋಡ, ಕಲ್ಲುಗಳಲ್ಲೆಲ್ಲ ಮನುಷ್ಯನ ಒಳಗುದಿಯನ್ನೇ ಕಾಣುತ್ತಿದ್ದ ಕಾಲ ಅದು. ಮೇಲೆ ಕೆಂಪೇರಿದ ಬಾನು. ಎಡಕ್ಕೆ ಪಾಳುಬಿದ್ದ ಬುರುಜು, ಬಲಕ್ಕೆ ವಾಲಿದ ಮರ, ದಂಡೆಯ ಕಾಲುದಾರಿಯಲ್ಲಿ ಕೋಲು ಹಿಡಿದ, ಉಗುರಿನಷ್ಟು ದೊಡ್ಡ ಮನುಷ್ಯ. ಕೆಳಗೆ ತಗಡಿನ ಪಟ್ಟಿ: ಸರೋವರದ ಸಂಜೆ.

ಮೇಷ್ಟ್ರು ವರ್ಷಗಟ್ಟಲೆ ಪ್ರತಿ ಭಾನುವಾರ ಈ ಚಿತ್ರದ ಮುಂದೆ ನಿಂತು ಬಂದವರಿಗೆ ಅದರ ಮರ್ಮ ಹೇಳುತ್ತಿದ್ದರು. ಬುರುಜು ಮನುಷ್ಯನ ಹಮ್ಮು, ಅದು ಕುಸಿದಿದೆ. ಮರ ಮುಪ್ಪು, ಬಾಗಿದೆ, ಆದರೆ ಮುರಿದಿಲ್ಲ. ನೀರು ಮನಸ್ಸು, ಬಾನು ಹೇಗೋ ಅದೂ ಹಾಗೆ. ಆ ಸಣ್ಣ ಮನುಷ್ಯ ನಾವೇ, ದಿನದ ದುಡಿಮೆ ಮುಗಿಸಿ ಮನೆಗೆ ಹೊರಟಿದ್ದೇವೆ. ಇಷ್ಟು ಹೇಳಿ ಅವರು ಸುಮ್ಮನಾದರೆ ಕೇಳಿದವರಲ್ಲಿ ಯಾರಾದರೊಬ್ಬರು ಮೂಗು ಒರೆಸಿಕೊಳ್ಳದೆ ಇರುತ್ತಿರಲಿಲ್ಲವಂತೆ.

ಕಡೆಯ ಭಾನುವಾರ ಅದೆಲ್ಲ ತಲೆಕೆಳಗಾಯಿತು. ಕೇಳಲು ಬಂದಿದ್ದ ಹೆಂಗಸೊಬ್ಬಳು ಆ ಮಾತನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು, ಸಾವಿನ ಸುದ್ದಿ ಕೇಳಿದ ಮೇಲೆ ಠಾಣೆಗೆ ತಂದು ಕೊಟ್ಟಿದ್ದಳು. ಇನ್‌ಸ್ಪೆಕ್ಟರ್ ಗುಂಡಿ ಒತ್ತಿದಳು.

"ಹಕ್ಕಿಗಳನ್ನ ನೋಡಿ. ಗೂಡಿಗೆ ಹೋಗೋ ಹಕ್ಕಿ ಹೀಗೆ ನೀರಿಗೆ ತಾಗೋ ಹಾಗೆ ಹಾರಲ್ಲ. ಎಲೆಗಳನ್ನ ನೋಡಿ, ಎಲ್ಲ ಬೆನ್ನು ತೋರಿಸ್ತಿವೆ. ದೋಣಿನ ದಡಕ್ಕೆಳೆದು ಮಗುಚಿ ಹಾಕಿದಾರೆ. ಬಿರುಗಾಳಿ ಬರ್ತಾ ಇದೆ. ಈ ಮನುಷ್ಯ ಮನೆಗೆ ಹೋಗ್ತಿಲ್ಲ, ಮನೆ ಬಿಟ್ಟು ಹೊರಟಿದಾನೆ. ಮನೆಗೆ ಹೋಗೋನು ಹಿಂದೆ ತಿರುಗಿ ನೋಡಲ್ಲ."

ಅವಳು ಒಂದೊಂದನ್ನೇ ಹುಡುಕಿದಳು. ಹಕ್ಕಿಗಳು ನೀರಿಗೆ ತಾಗುವಂತೆಯೇ ಇದ್ದವು. ಮರದ ಎಲೆಗಳಲ್ಲಿ ಬಿಳುಪಿತ್ತು. ಜೊಂಡಿನ ಮರೆಯಲ್ಲಿ ದೋಣಿಯ ಹೊಟ್ಟೆ ಮೇಲಾಗಿ ಬಿದ್ದಿತ್ತು. ಕೋಲಿನವನ ಮುಖ, ಒಂದು ಚುಕ್ಕೆಯಷ್ಟು ಬಣ್ಣ, ಬುರುಜಿನ ಕಡೆಗೆ ತಿರುಗಿತ್ತು. ಇಷ್ಟು ಸಾಕ್ಷಿ ಕಣ್ಣೆದುರೇ ತೂಗುಹಾಕಿದ್ದರೂ ಕೆಂಪು ಬಾನೊಂದು ಇಡೀ ಊರಿನ ಕಣ್ಣು ಕಟ್ಟಿತ್ತು. ಈಗ ಚಿತ್ರದಲ್ಲಿ ಯಾವುದೂ ನಿಂತಿರಲಿಲ್ಲ. ಎಲ್ಲವೂ ಎಲ್ಲಿಗೋ ಓಡಲು ಒಂದು ಕಾಲು ಎತ್ತಿದ್ದವು.

ಚಿತ್ರಶಾಲೆಯ ನಿರ್ದೇಶಕರಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟಿದ್ದರು. ಅರವತ್ತಕ್ಕೆ ಅರಳುಮರಳು, ಮೇಷ್ಟ್ರಿಗಂತೂ ಅರವತ್ತು ದಾಟಿ ಎಷ್ಟೋ ಕಾಲವಾಗಿತ್ತು ಎಂದಿದ್ದರು. ನಿರ್ದೇಶಕರೆಂದರೆ ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಕ್ಕನ ಗಂಡ. ಭಾವನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿಲ್ಲ. ಆದರೂ ಅರಳುಮರಳಾದವರು ಇಷ್ಟು ಕರಾರುವಾಕ್ಕಾಗಿ ಮಾತಾಡುವುದಿಲ್ಲ ಎಂದು ಅವಳ ಒಳಗೆ ಯಾರೋ ಕುಟ್ಟುತ್ತಲೇ ಇದ್ದರು.

ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋಗಿ ಬಂದಿದ್ದಳು. ಅವರ ಹೆಂಡತಿ ಅತ್ತು ಅತ್ತು ಬತ್ತಿಹೋಗಿದ್ದರು. ಕಡೆಕಡೆಗೆ ಮೇಷ್ಟ್ರು ನಿದ್ದೆಯನ್ನೇ ಮಾಡುತ್ತಿರಲಿಲ್ಲ, ಊಟದ ನಡುವೆ ಎದ್ದು ಹೋಗಿ ಕಿಟಕಿಯ ಪರದೆಯ ಮಡಿಕೆಗಳನ್ನು ಬಿಚ್ಚಿ ಬಿಚ್ಚಿ ನೋಡುತ್ತಿದ್ದರು, ಬೆಳಕು ತಿಂದುಬಿಡುತ್ತೆ ಕಣೇ ಎನ್ನುತ್ತಿದ್ದರು ಎಂದು ಹೇಳಿದರು. ಇನ್‌ಸ್ಪೆಕ್ಟರ್ ಆ ಪರದೆಯನ್ನು ನೋಡಿದಳು. ಬಿಸಿಲಿಗೆ ಬಿದ್ದ ಭಾಗ ತೊಳೆದ ಅಕ್ಕಿಯ ಬಣ್ಣಕ್ಕೆ ಬಂದಿತ್ತು. ಮಡಿಕೆ ಬಿಡಿಸಿದರೆ ಒಳಗೆ ಗಾಢವಾದ ನೀಲಿ, ನಿನ್ನೆ ಅಂಗಡಿಯಿಂದ ತಂದ ಹಾಗೆ.

ಆ ನೀಲಿ ಬೆಳಗಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಹಿಂದಿನ ಮೆಟ್ಟಿಲು ಹತ್ತಿದಳು.

ದುರಸ್ತಿ ಕೋಣೆಯಲ್ಲಿ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಕೂತಿದ್ದವಳು ಹಳೆಯ ಚಿತ್ರಗಳನ್ನು ಸರಿಪಡಿಸುವ ಮಧ್ಯವಯಸ್ಸಿನ ಹೆಂಗಸು. ಇಲ್ಲಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಸಾವಾದ ಹೊತ್ತಿನಲ್ಲಿ ಅವಳು ಊರಲ್ಲೇ ಇರಲಿಲ್ಲ ಎಂಬುದು ಮೊದಲೇ ಖಾತ್ರಿಯಾಗಿತ್ತು. ಪರದೆಯ ವಿಷಯ ಕೇಳಿ ಅವಳು ಕುಂಚ ಕೆಳಗಿಟ್ಟಳು. ಆ ಕಾಲದವರು ಮೋಡಕ್ಕೆ ಬೂದುಬಣ್ಣ ಬೇಕಾದರೆ ನೀಲಿಗಿಡದ ನೀಲಿಗೆ ಕಾವಿಮಣ್ಣಿನ ಕೆಂಪು ಬೆರೆಸುತ್ತಿದ್ದರು ಎಂದಳು. ಬೆಳಕು ನೀಲಿಯನ್ನು ಸವರಿಕೊಂಡು ಹೋಗುತ್ತದೆ, ಮಣ್ಣನ್ನು ಏನೂ ಮಾಡಲಾರದು. ವರ್ಷ ಕಳೆದಂತೆ ಕಪ್ಪು ಮೋಡ ಕೆಂಪಾಗುತ್ತ ಬರುತ್ತದೆ.

"ಅಂದ್ರೆ ಬಿರುಗಾಳಿನೇ ಸಂಜೆ ಆಗಿ ಕೂತ್ಕೊಳ್ಳುತ್ತೆ," ಎಂದಳು ಇನ್‌ಸ್ಪೆಕ್ಟರ್.

"ನೋಡೋರ ಕಣ್ಣಿಗೆ ಹಾಗೇನೇ. ಆದ್ರೆ ಚೌಕಟ್ಟಿನ ಒಳಗಡೆ ರಟ್ಟಿನ ಅಂಚು ಇರುತ್ತಲ್ಲ, ಅದರಡಿ ಬೆಳಕು ನುಗ್ಗಲ್ಲ. ಅಲ್ಲಿ ಬೆರಳಗಲ ಮೋಡ ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದಿರುತ್ತೆ."

ಮೇಷ್ಟ್ರು ಆ ಬೆರಳಗಲದ ಮೋಡವನ್ನು ನೋಡಿದ್ದಾರೆ. ಇಲ್ಲದಿದ್ದರೆ ಒಂದು ಜೀವಮಾನದ ಮಾತನ್ನು ಹೀಗೆ ನುಂಗಿಕೊಳ್ಳುತ್ತಿರಲಿಲ್ಲ. ಹಾಗಾದರೆ ಯಾರೋ ಅವರಿಗೆ ಚೌಕಟ್ಟು ಬಿಚ್ಚಿ ತೋರಿಸಿದ್ದಾರೆ. ನೀನೇ ಬಿಚ್ಚಿದೆಯಾ ಎಂದು ಕೇಳಿದ್ದಕ್ಕೆ ಆಕೆ ಇಲ್ಲವೆಂದು ತಲೆಯಾಡಿಸಿದಳು. ಕಾಗದ ಬಹಳ ನಾಜೂಕು, ಅದನ್ನೊಂದು ಮುಟ್ಟಬೇಡ ಎಂದು ಆಕೆ ಕೆಲಸಕ್ಕೆ ಸೇರಿದ ದಿನವೇ ನಿರ್ದೇಶಕರು ತಾಕೀತು ಮಾಡಿದ್ದರಂತೆ.

ಇನ್‌ಸ್ಪೆಕ್ಟರ್ ಭಾವನಿಗೆ ಹೇಳಿಕಳಿಸಿದಳು. ಚಿತ್ರವನ್ನು ಮೇಲಕ್ಕೆ ತರಿಸಿ ಮೇಜಿನ ಮೇಲೆ ಮಲಗಿಸಿದ್ದೂ ಆಯಿತು.

ಭಾವ ಬಂದರು, ಮೇಜು ನೋಡಿದರು, ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಸೊಂಟದ ಬೀಗದ ಕೈ ಗೊಂಚಲು ಸಣ್ಣಗೆ ಸದ್ದು ಮಾಡಿತು.

"ಇದಕ್ಕೆ ನಿಮಗೆ ಯಾರ ಅನುಮತಿ ಇದೆ?"

"ಸಾವಿನ ತನಿಖೆ, ಸರ್. ಅನುಮತಿ ನಂದೇ."

ಅವರು ಮತ್ತೆ ನಾಜೂಕು ಕಾಗದದ ಮಾತು ತೆಗೆದರು. ಎಳೆ ಬಿಟ್ಟೀತು, ಗಾಳಿ ತಾಗೀತು, ಹೊಣೆ ಯಾರು ಎಂದರು. ಹೊರಗೆ ಗಾಳಿಯೂ ಎದ್ದಿತ್ತು, ತೆರೆದ ಕಿಟಕಿಯ ಕದ ಪಟಪಟ ಬಡಿಯುತ್ತಿತ್ತು. ದುರಸ್ತಿಯ ಹೆಂಗಸು ಅದನ್ನು ಎಳೆದು ಅಗುಳಿ ಹಾಕಿ ಬಂದು, ಇಬ್ಬರ ಮುಖವನ್ನೂ ನೋಡಿ, ಚೌಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಗಾಜು ಬಂತು. ಚಪ್ಪಟೆಯಾದ ಸಣ್ಣ ಅಲಗು ತೂರಿಸಿ ರಟ್ಟಿನ ಅಂಚನ್ನು ಎತ್ತಿದಳು.

ಅಂಚಿನ ಅಡಿಯಲ್ಲೂ ಬಾನು ಕೆಂಪಾಗಿಯೇ ಇತ್ತು.

ಒಂದು ಕೂದಲೆಳೆಯಷ್ಟೂ ಬೂದು ಇರಲಿಲ್ಲ. ಈ ಅಂಚಿಂದ ಆ ಅಂಚಿನವರೆಗೆ ಅದೇ ಸಂಜೆ. ದುರಸ್ತಿಯ ಹೆಂಗಸು ಭೂತಗನ್ನಡಿ ಇಳಿಸಿ ಬಗ್ಗಿ ನೋಡಿದಳು. ಕಾಗದ ಹಳೆಯದು, ಬಣ್ಣ ಹಳೆಯದಲ್ಲ ಎಂದಳು, ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ. ಮಾಸಿದ ಚಿತ್ರವನ್ನು ಚೌಕಟ್ಟು ಬಿಚ್ಚದೆ, ಕಂಡಹಾಗೆ ನಕಲು ಮಾಡಿದವರು ಅದು ಒಂದು ಕಾಲಕ್ಕೆ ಬೂದಾಗಿತ್ತೆಂದು ಹೇಗೆ ಬಲ್ಲರು? ಕೆಂಪನ್ನು ಕೆಂಪಾಗಿಯೇ ಬಳಿದಿದ್ದರು.

ಇನ್‌ಸ್ಪೆಕ್ಟರ್ ಆಕೆಯನ್ನು ಸ್ವಲ್ಪ ಹೊತ್ತು ಹೊರಗಿರಲು ಕೇಳಿಕೊಂಡಳು. ಬಾಗಿಲು ಮುಚ್ಚಿದ ಮೇಲೆ ಚಿತ್ರದ ಮೇಲೆ ಬಗ್ಗಿದಳು. ಗಾಜಿಲ್ಲದೆ ಅದನ್ನು ಅವಳು ನೋಡಿದ್ದು ಇದೇ ಮೊದಲು. ಬುರುಜು, ಮರ, ನೀರು. ಕೆಳಗೆ ದಂಡೆಯ ಜೊಂಡು. ಒಂದೊಂದು ಎಳೆಯೂ ಮೇಲಕ್ಕೆ ಸರಕ್ಕನೆ ಹೋಗಿ ತುದಿಯಲ್ಲಿ ಒಂದು ಸಣ್ಣ ಕೊಕ್ಕೆಯಾಗಿ ಬಾಗಿತ್ತು.

ಅವಳ ಬೆರಳು ಗಾಳಿಯಲ್ಲೇ ಆ ಗೆರೆಯನ್ನು ಎಳೆಯಿತು.

ಆ ಕೊಕ್ಕೆಯನ್ನು ಅವಳು ಎಲ್ಲಿ ಬೇಕಾದರೂ ಗುರುತು ಹಿಡಿಯುತ್ತಿದ್ದಳು. ಚಿಕ್ಕಂದಿನಲ್ಲಿ ಮನೆಯ ಗೋಡೆ, ಪಾಠದ ಪುಸ್ತಕದ ಅಂಚು, ಇವಳ ಕೈಮೇಲೆ ಕೂಡ ಆ ಹುಲ್ಲು ಬೆಳೆಯುತ್ತಿತ್ತು. ಹುಲ್ಲಿಗೂ ಬಾಲ ಇಡ್ತೀಯಲ್ಲೇ ಎಂದು ಅಮ್ಮ ನಗುತ್ತಿದ್ದರು. ಮದುವೆಯಾದ ಮೇಲೆ ಅಕ್ಕ ಕುಂಚ ಮುಟ್ಟಲಿಲ್ಲ ಎಂದೇ ಮನೆಯವರೆಲ್ಲ ತಿಳಿದಿದ್ದರು.

"ಭಾವ, ಇದು ಅಕ್ಕನ ಕೈ."

ಭಾವ ದುರಸ್ತಿಯವಳ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತರು. ಕೆಳಗಿನ ಕೋಣೆಯ ದೊಡ್ಡ ಕಿಟಕಿ ನೋಡಿದೀಯಲ್ಲ ಎಂದರು. ಚಿತ್ರ ವರ್ಷ ವರ್ಷಕ್ಕೂ ಕಣ್ಣೆದುರೇ ಬಿಳಚಿಕೊಳ್ಳುತ್ತಿತ್ತು. ಕತ್ತಲಲ್ಲಿ ಇಡಬೇಕೆಂದರೆ ಜನರಿಗೆ ತೋರಿಸುವಂತಿಲ್ಲ, ಅದೊಂದು ಚಿತ್ರವಿಲ್ಲದಿದ್ದರೆ ಈ ಕಟ್ಟಡಕ್ಕೆ ಯಾರೂ ಕಾಲಿಡುವುದಿಲ್ಲ. ಅದಕ್ಕೇ ಹಳೆಯ ಕಾಗದ ಹುಡುಕಿ ತಂದು ಹೆಂಡತಿಯ ಕೈಲಿ ಇದನ್ನು ಮಾಡಿಸಿದರು. ಅಸಲನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಮನೆಯ ಒಳಕೋಣೆಯ ಬೀರುವಿನಲ್ಲಿಟ್ಟರು. ಕದ್ದದ್ದಲ್ಲ, ಕಾದದ್ದು ಎಂದರು.

ಬೇಲಿಯೇ ಎದ್ದು ಹೊಲ ಮೇಯ್ದರೆ ಅದಕ್ಕೂ ಕಾವಲು ಅಂತಲೇ ಹೆಸರು ಎನ್ನಬೇಕೆನಿಸಿತು ಅವಳಿಗೆ. ನುಂಗಿಕೊಂಡಳು. ಕೇಳಬೇಕಾದದ್ದು ಬೇರೆ ಇತ್ತು.

"ಮೇಷ್ಟ್ರಿಗೆ ಅಸಲನ್ನ ತೋರಿಸಿದ್ದು ಯಾರು?"

"ನಾನಲ್ಲ."

"ಭಾನುವಾರ ಮಧ್ಯಾಹ್ನ ಅವರು ಬಿದ್ದಾಗ ನೀವೆಲ್ಲಿದ್ರಿ?"

"ಮನೇಲಿ. ಊಟ ಮಾಡ್ತಿದ್ದೆ."

"ಅಕ್ಕ ಬಡಿಸಿದ್ಲಾ?"

ಕಿಟಕಿಯ ಅಗುಳಿ ಗಾಳಿಗೆ ಗಡಗಡ ಎಂದಿತು. ಭಾವ ತಮ್ಮ ಅಂಗೈ ನೋಡಿಕೊಂಡರು.

"ನಾನೇ ಹಾಕ್ಕೊಂಡೆ," ಎಂದರು. ಸ್ವಲ್ಪ ತಡೆದು, "ಅವಳು ಇರಲಿಲ್ಲ. ನನ್ನ ಬೀಗದ ಕೈ ಗೊಂಚಲೂ ಇರಲಿಲ್ಲ. ಆಮೇಲೆ ಬಂದ್ಲು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು. ನಾನೇನೂ ಕೇಳಲಿಲ್ಲ. ನೀನಾಗಿದ್ರೆ ಕೇಳ್ತಿದ್ಯಾ?"

ಅವಳು ಮೆಟ್ಟಿಲ ಬುಡಕ್ಕೆ ಒಬ್ಬ ಪೇದೆಯನ್ನು ನಿಲ್ಲಿಸಿ, ಭಾವ ಅಲ್ಲಿಂದ ಕದಲದಂತೆ ನೋಡಿಕೊಳ್ಳಲು ಹೇಳಿ ಹೊರಬಿದ್ದಳು.

ಅಕ್ಕನ ಮನೆ ಮುಂದಿನ ರಸ್ತೆಯಲ್ಲೇ. ಅವಳು ಜೀಪು ಹತ್ತಲಿಲ್ಲ, ನಡೆದಳು, ಅರ್ಧ ದಾರಿಯಲ್ಲಿ ನಡಿಗೆ ಓಟವಾಯಿತು. ಗಾಳಿ ಧೂಳೆಬ್ಬಿಸುತ್ತಿತ್ತು, ಅಂಗಡಿಯವರು ಹೊರಗಿಟ್ಟ ಸಾಮಾನುಗಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಅಮ್ಮ ಹೋದ ಮೇಲೆ ತನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಪೊಲೀಸು ಕೆಲಸ ಬೇಡವೆಂದು ಮನೆಯೆಲ್ಲ ಅಡ್ಡಬಿದ್ದಾಗ ಹೋಗು ಎಂದವಳೂ ಅವಳೊಬ್ಬಳೇ. ಆ ಕೈಗೆ ಕೋಳ ಹಾಕುವುದಾದರೆ ಯಾವ ಮುಖ ಇಟ್ಟುಕೊಂಡು?

ಬಾಗಿಲು ತೆರೆದೇ ಇತ್ತು. ಅಕ್ಕ ಒಳಕೋಣೆಯಲ್ಲಿ ಕೂತಿದ್ದಳು. ಬೀರು ಬಾಯಿ ಬಿಟ್ಟಿತ್ತು, ಮಂಚದ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಚಿತ್ರ ಬಿಚ್ಚಿಟ್ಟಿತ್ತು, ಚೌಕಟ್ಟಿಲ್ಲದೆ, ಬರಿಮೈಯಲ್ಲಿ.

ಅದೇ ಸರೋವರ. ಆದರೆ ಮೇಲಿನ ಅಂಚಿನ ಉದ್ದಕ್ಕೂ ಬೆರಳಗಲದ ಪಟ್ಟಿ, ಕಪ್ಪಿಗೆ ತಿರುಗಿದ ನೀಲಿಬೂದು. ಅದನ್ನೊಮ್ಮೆ ಕಂಡ ಕಣ್ಣಿಗೆ ಕೆಳಗಿನ ಕೆಂಪು ಮತ್ತೆ ಸಂಜೆಯಾಗಿ ಉಳಿಯಲಿಲ್ಲ. ಬಾನು ಕೆಳಕ್ಕೆ ಬಿತ್ತು, ಬುರುಜು ಒರಗಿತು, ನೀರು ನಡುಗಿತು. ಇಷ್ಟು ದೊಡ್ಡ ದಿಗಿಲಿನ ನಡುವೆ ಆ ಕೋಲಿನವನೊಬ್ಬನೇ. ಮೇಷ್ಟ್ರು ಏಕೆ ನಿದ್ದೆಗೆಟ್ಟರೆಂದು ಇನ್‌ಸ್ಪೆಕ್ಟರಿಗೆ ಆಗ ಅರ್ಥವಾಯಿತು.

"ನಾನೀಗ ತಂಗಿಯಾಗಿ ಬಂದಿಲ್ಲ," ಎಂದಳು.

"ಗೊತ್ತು. ಅದಕ್ಕೇ ಬಾಗಿಲು ತೆಗೆದಿಟ್ಟೆ," ಎಂದಳು ಅಕ್ಕ.

ಅವಳ ದನಿಯಲ್ಲಿ ಅಳುವಿರಲಿಲ್ಲ. ಭಾನುವಾರದ ಗುಂಪಿನ ಹಿಂದೆ ತಾನೂ ಹೋಗಿ ನಿಲ್ಲುತ್ತಿದ್ದೆ ಎಂದು ಹೇಳಿದಳು. ಚಿಕ್ಕಂದಿನಲ್ಲಿ ಕೈ ಹಿಡಿದು ಗೆರೆ ಎಳೆಯಲು ಕಲಿಸಿದ ಮೇಷ್ಟ್ರು, ತಾನು ಬಿಡಿಸಿದ ನೀರನ್ನು ಹೊಗಳುತ್ತಿದ್ದರು, ತಾನು ಬಾಗಿಸಿದ ಮರಕ್ಕೆ ಅರ್ಥ ಹೇಳುತ್ತಿದ್ದರು, ಎಲ್ಲವೂ ಸತ್ತುಹೋದ ಯಾರದೋ ಹೆಸರಿಗೆ. ಮೊದಮೊದಲು ಹಿಗ್ಗಾಗುತ್ತಿತ್ತು. ಬರಬರುತ್ತ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಒಂದು ದಿನ ತಡೆಯಲಾರದೆ ಹೇಳಿಬಿಟ್ಟಳು. ಮೇಷ್ಟ್ರು ಬೈಯಲಿಲ್ಲ. ಅಸಲು ತೋರಿಸು ಎಂದರು. ನೋಡಿ ಆ ಪಟ್ಟಿಯ ಮೇಲೆ ಬೆರಳಾಡಿಸಿ, ತುಂಬ ಹೊತ್ತು ಅಲ್ಲೇ ಕೂತಿದ್ದರು.

ಆ ಭಾನುವಾರ ಮಾತು ಮುಗಿದ ಮೇಲೆ ನಕಲಿನ ಅಂಚನ್ನೂ ಬಿಚ್ಚಿ ನೋಡಬೇಕು, ಅದಕ್ಕೆ ದುರಸ್ತಿ ಕೋಣೆಯ ಸಲಕರಣೆ ಬೇಕು ಎಂದರಂತೆ. ಊಟದ ಹೊತ್ತು, ಚಿತ್ರಶಾಲೆ ಮುಚ್ಚಿತ್ತು. ಗಂಡನ ಬೀಗದ ಕೈ ತೆಗೆದುಕೊಂಡು ಅಕ್ಕ ಹಿಂದಿನ ಬಾಗಿಲು ತೆಗೆದಳು. ಮೇಷ್ಟ್ರು ಮುಂದೆ ಹತ್ತಿದರು, ಅವಳು ಬಾಗಿಲು ಹಾಕಲು ಕೆಳಗೇ ಹಿಂದುಳಿದಳು.

"ನೀನು ತಳ್ಳಿದ್ಯಾ?"

"ಇಲ್ಲ."

"ನನ್ನ ಮುಖ ನೋಡಿ ಹೇಳು."

ಅಕ್ಕ ನೋಡಿದಳು. "ಇಲ್ಲ ಕಣೇ. ಅವರು ಬಿದ್ದ ಮೇಲೆ ಮುಟ್ಟಿ ನೋಡ್ದೆ, ಉಸಿರಿರಲಿಲ್ಲ. ಚಪ್ಪಲಿ ಕೈಲಿ ಹಿಡ್ಕೊಂಡು ಓಡಿಬಂದೆ. ಯಾರನ್ನಾದ್ರೂ ಕರೀಬೇಕಿತ್ತು, ಕರೀಲಿಲ್ಲ. ಅದೊಂದು ತಪ್ಪು ನಂದು. ಅದಕ್ಕೇನು ಶಿಕ್ಷೆಯೋ ಕೊಡು."

"ಹಾಗಾದ್ರೆ ಅವರಾಗೇ ಜಾರಿದ್ರಾ?"

ಅಕ್ಕ ಚಿತ್ರದ ಮೇಲೆ ಬಟ್ಟೆಯ ತುದಿ ಎಳೆದಳು. ಆಮೇಲೆ, ಪಕ್ಕದ ಮನೆಯವರಿಗೆ ಕೇಳಿಸೀತು ಎಂಬಂತೆ ದನಿ ತಗ್ಗಿಸಿದಳು.

"ಮೇಲಿಂದ ಒಂದು ದನಿ ಬಂತು. ಹೆಂಗಸಿನ ದನಿ, ವಯಸ್ಸಾದವಳದು. ಯಾರು ಅಂತ ನಂಗೆ ಕಾಣಿಸಲಿಲ್ಲ, ತಿರುವಿನಲ್ಲಿ ಬೆಳಕಿರಲಿಲ್ಲ."

"ಏನಂತು?"

"'ಅಲ್ಲೇ ನಿಲ್ಲೋ' ಅಂತು."

ಇನ್‌ಸ್ಪೆಕ್ಟರ್ ಅಂದು ಮೊದಲ ಬಾರಿಗೆ ಅಲುಗಾಡದೆ ನಿಂತಳು. ಇಡೀ ಊರಿನಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಮೇಷ್ಟ್ರೇ ಎಂದು ಕೈಮುಗಿಯುತ್ತಿದ್ದ ಮನುಷ್ಯ. ಅವರನ್ನು ಹೆತ್ತವರು, ಒಡಹುಟ್ಟಿದವರು ಎಂದೋ ಮಣ್ಣಾದರೆಂದು ಅವರೇ ಹೇಳುತ್ತಿದ್ದರು. ಅವರನ್ನು ಸಣ್ಣ ಹುಡುಗನ ಹಾಗೆ ಗದರಬಲ್ಲ ಬಾಯಿ ಈ ಭೂಮಿಯ ಮೇಲೆ ಯಾವುದು ಉಳಿದಿತ್ತು?

"ಮೇಷ್ಟ್ರು ಏನಂದ್ರು?"

"ತಲೆ ಎತ್ತಿ ನೋಡಿದ್ರು. ನೋಡ್ತಾ ನೋಡ್ತಾ ಹಿಂದಕ್ಕೆ ಹೆಜ್ಜೆ ಇಟ್ರು, ಕಾಲಿಗೆ ಮೆಟ್ಟಿಲು ಸಿಗಲಿಲ್ಲ." ಅಕ್ಕ ಬಾಗಿಲ ಕಡೆಗೊಮ್ಮೆ ನೋಡಿದಳು. "ಬೀಳೋ ಮೊದಲು ಒಂದೇ ಮಾತು ಅಂದ್ರು. 'ನೀನಿನ್ನೂ ಬದುಕಿದೀಯಾ' ಅಂದ್ರು."